ಮಲ್ಟಿಪೋರ್ಟ್ ವಾಲ್ವ್ (ಈಜುಕೊಳ)

ಈಜುಕೊಳದ ಮರಳು ಫಿಲ್ಟರಿನ ನೆತ್ತಿಯ ಮೇಲೋ ಪಕ್ಕದಲ್ಲೋ ಕೂರಿಸಿರುವ, ಒಂದೇ ಹಿಡಿಯಿಂದ ನೀರಿನ ಹಾದಿ ಬದಲಿಸುವ ವಾಲ್ವ್. ಸಾಮಾನ್ಯವಾಗಿ ಇದಕ್ಕೆ ಆರು ಸ್ಥಾನಗಳು: ಫಿಲ್ಟರ್, ಬ್ಯಾಕ್‌ವಾಷ್, ರಿನ್ಸ್, ವೇಸ್ಟ್, ರೀಸರ್ಕ್ಯುಲೇಟ್, ಕ್ಲೋಸ್ಡ್. ಕೊಳದ ಪೈಪುಗಳಲ್ಲಿ ಬಾಲ್ ವಾಲ್ವ್, ಎನ್‌ಆರ್‌ವಿಗಳೂ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವುಗಳು) ಇರುತ್ತವೆ. ಅವು ಒಡೆದರೆ ನೀರು ಹೊರಗೇ ಜಿನುಗುವುದರಿಂದ ಬೇಗ ಗೊತ್ತಾಗುತ್ತದೆ. ಆದರೆ ಮಲ್ಟಿಪೋರ್ಟ್ ವಾಲ್ವ್ ಒಳಗೊಳಗೇ ಕೆಡುವುದುಂಟು.

ರಚನೆ: ಪ್ಲಾಸ್ಟಿಕ್ ಕವಚದೊಳಗೆ ರೋಟರ್ ಇದೆ, ಬಲವಾದ ಸ್ಪ್ರಿಂಗ್ ಅದನ್ನು ತಳಕ್ಕೆ ಒತ್ತಿರುತ್ತದೆ. ರೋಟರ್ ಮತ್ತು ತಳದ ನಡುವೆ ಚಕ್ರದ ಅರೆಗಳಂತೆ ಚಾಚಿದ ರಬ್ಬರಿನ ಸ್ಪೈಡರ್ ಗ್ಯಾಸ್ಕೆಟ್ ಒಂದು ದ್ವಾರದ ನೀರು ಇನ್ನೊಂದಕ್ಕೆ ನುಗ್ಗದಂತೆ ತಡೆಯುತ್ತದೆ. ಹಿಡಿಯನ್ನು ಅದುಮಿದಾಗ ರೋಟರ್ ಮೇಲೇಳುತ್ತದೆ, ಆಗಷ್ಟೇ ತಿರುಗಿಸಬೇಕು. ಪಂಪು ಓಡುತ್ತಿರುವಾಗಲೇ ತಿರುಗಿಸುವುದು ಗ್ಯಾಸ್ಕೆಟ್ ಕೆಡಲು ಮುಖ್ಯ ಕಾರಣಗಳಲ್ಲೊಂದು: ನೀರಿನ ರಭಸಕ್ಕೆ ಅರೆಗಳು ತಮ್ಮ ತೋಡಿನಿಂದ ಎದ್ದು ಮಡಚಿಕೊಳ್ಳುತ್ತವೆ. ಮರಳಿನ ಕಣ ಸಿಕ್ಕಿಕೊಳ್ಳುವುದು, ವರ್ಷಗಟ್ಟಲೆ ಕ್ಲೋರಿನ್ ತಾಗಿ ರಬ್ಬರ್ ಗಡುಸಾಗುವುದು ಇತರ ಕಾರಣಗಳು. ಚಳಿದೇಶಗಳಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗಿ ಕವಚವನ್ನೇ ಸೀಳುತ್ತದೆ.

ಲಕ್ಷಣಗಳು: ಹಿಡಿ ಫಿಲ್ಟರ್ ಸ್ಥಾನದಲ್ಲಿದ್ದರೂ ವೇಸ್ಟ್ ಪೈಪಿನಲ್ಲಿ ನೀರು ಹರಿಯುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಸ್ಪೈಡರ್ ಗ್ಯಾಸ್ಕೆಟ್ಟನ್ನು. ಸೋಸದ ನೀರೇ ಕೊಳಕ್ಕೆ ಮರಳಿದರೆ ಎಷ್ಟು ಕ್ಲೋರಿನ್ ಹಾಕಿದರೂ ಕದಡು ಹೋಗದು. ಹಿಡಿಯ ಬುಡದಲ್ಲಿ ಜಿನುಗಿದರೆ ಬಹುಶಃ ಅಲ್ಲಿನ ಓ-ರಿಂಗ್ ಸವೆದಿರುತ್ತದೆ. ಪಂಪಿನ ಬುಟ್ಟಿಯಲ್ಲಿ ಗಾಳಿಗುಳ್ಳೆ ಕಂಡರೆ ದೋಷ ಈ ವಾಲ್ವಿನದಲ್ಲ, ಪಂಪಿಗೆ ನೀರೆಳೆಯುವ ಬದಿಯದು.

ದುರಸ್ತಿ: ಪಂಪಿನ ಕರೆಂಟು ತೆಗೆದು, ಗಾಳಿ ಬಿಟ್ಟು ಒತ್ತಡ ಇಳಿಸಬೇಕು. ಪಂಪು ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಎರಡೂ ಬದಿಯ ವಾಲ್ವುಗಳನ್ನು ಮುಚ್ಚದೆ ಮುಚ್ಚಳ ಬಿಚ್ಚಬಾರದು. ಕೊಳದ ನೀರು ಅಲ್ಲಿಂದಲೇ ಹೊರಬರುತ್ತದೆ. ಮುಚ್ಚಳ ಮತ್ತೆ ಅದೇ ದಿಕ್ಕಿನಲ್ಲಿ ಕೂರಲು ಗುರುತು ಹಾಕಿಕೊಳ್ಳಬೇಕು. ಹಳೆಯ ಗ್ಯಾಸ್ಕೆಟ್ಟನ್ನೂ ಅಂಟನ್ನೂ ಪೂರ್ತಿ ಕೆರೆದು, ತೋಡನ್ನು ಒಣಗಿಸಿ ಹೊಸದನ್ನು ಕೂರಿಸುತ್ತಾರೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸಿನಿಂದ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಯಬೇಕು. ಸೀಳಿದ ಕವಚಕ್ಕೆ ಹಾಕಿದ ತೇಪೆ ಬಾಳುವುದು ಅಪರೂಪ. ವಾಲ್ವನ್ನೇ ಬದಲಿಸುವುದು ಲೇಸು.

ನೀರಿನ ನಷ್ಟ: 10 ಮೀಟರ್ ಉದ್ದ, 5 ಮೀಟರ್ ಅಗಲದ ಕೊಳದಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ 500 ಲೀಟರ್ ಹೋದಂತೆ. ಅದು ಸೋರಿಕೆಯೋ ಬರೀ ಆವಿಯೋ ಎಂದು ತಿಳಿಯಲು ನೀರು ತುಂಬಿದ ಬಕೆಟನ್ನು ಕೊಳದ ಮೆಟ್ಟಿಲ ಮೇಲಿಟ್ಟು ಒಂದು ದಿನದ ಬಳಿಕ ಎರಡರ ಇಳಿತವನ್ನೂ ಹೋಲಿಸುತ್ತಾರೆ. ಕೊಳದ್ದೇ ಹೆಚ್ಚಾದರೆ ಸೋರಿಕೆಯಿದೆ. ನೀರಿನ ಅಭಾವ ತೀವ್ರವಾಗಿದ್ದ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು.