ಬೇಡವಾದವರ ಲೆಕ್ಕ



2016ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಅಲ್ಲಿಯ ಅಧ್ಯಕ್ಷ ಚುನಾವಣೆಯ ಸುದ್ದಿ ಬಂದಾಗ ಅವನು ಹೇಳಿದ್ದು: "ಸರ್ರ, ಇಲ್ಲಿ ಮಂದಿ ಯಾರು ಬೇಕು ಅಂತ ಹೇಳೂದಿಲ್ಲರಿ. ಯಾರು ಬ್ಯಾಡ ಅಂತಷ್ಟ ಹೇಳತಾರ." ಅವನ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ. ಆ ಚುನಾವಣೆಯ ಮುನ್ನಾದಿನಗಳಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಟ್ರಂಪ್ ಅವರ ಬಗ್ಗೆ ನೂರಕ್ಕೆ 61 ಜನರೂ, ಹಿಲರಿ ಕ್ಲಿಂಟನ್ ಅವರ ಬಗ್ಗೆ 52 ಜನರೂ ಪ್ರತಿಕೂಲ ಅಭಿಪ್ರಾಯ ಕೊಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಡವಾದ ಇಬ್ಬರ ನಡುವೆ ಒಬ್ಬರನ್ನು ಆರಿಸುವ ಪ್ರಸಂಗವದು. "ನಮ್ಮಲ್ಲಿ ಹಿಂಗ ಎಂದರೆ ಆಗಿತ್ತೇನ್ರಿ?" ಎಂದು ಅವನು ಕೇಳಿದ. ಆಗಿತ್ತು. ಅದನ್ನು ಬರೆಯುತ್ತೇನೆಂದು ಹೇಳಿ ಇಷ್ಟು ವರ್ಷ ಮುಂದೂಡಿದೆ. ಮುಂದೂಡಿದ್ದಕ್ಕೆ ಕಾರಣವೂ ಈ ಬರಹದಲ್ಲಿಯೇ ಮುಂದೆ ಬರುತ್ತದೆ.

1969ರಲ್ಲಿ ನಾನು ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದೆ. ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈ 12ರಂದು ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಪಾರ್ಲಿಮೆಂಟರಿ ಬೋರ್ಡ್, ಪ್ರಧಾನಿ ಇಂದಿರಾ ಗಾಂಧಿಯವರು ಸೂಚಿಸಿದ ಜಗಜೀವನರಾಂ ಅವರನ್ನು ಬಿಟ್ಟು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಆರಿಸಿತು. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಅವರು 1962ರಲ್ಲಿ ಬಾಗಲಕೋಟೆಯಿಂದ ವಿಧಾನಸಭೆಗೆ ಹೋದವರಾದ್ದರಿಂದ ನಮ್ಮ ಭಾಗದಲ್ಲಿ ಅವರನ್ನು ದೂರದ ಮುಖಂಡರೆಂದು ಯಾರೂ ಭಾವಿಸುತ್ತಿರಲಿಲ್ಲ. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರು ಹುದ್ದೆಗೆ ರಾಜೀನಾಮೆಯಿತ್ತು ಸ್ವತಂತ್ರರಾಗಿ ನಿಂತರು. ಅವರೂ ನಮಗೆ ಹೊಸಬರಲ್ಲ. 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದವರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ. ಡಿ. ದೇಶಮುಖರನ್ನು ನಿಲ್ಲಿಸಿದವು.

ರಾಷ್ಟ್ರಪತಿಯನ್ನು ನೀವೂ ನಾನೂ ನೇರವಾಗಿ ಆರಿಸುವುದಿಲ್ಲ ಎಂಬುದನ್ನು ಎಂಟನೆಯ ಇಯತ್ತೆಯಿಂದಲೂ ನಿಮಗೆ ಹೇಳಿಕೊಂಡು ಬಂದಿದ್ದೇನೆ. ಸಂಸದರೂ ಶಾಸಕರೂ ಮತ ಹಾಕುತ್ತಾರೆ. ಜನಸಂಖ್ಯೆಗೆ ಅನುಗುಣವಾಗಿ ಅವರ ಮತಕ್ಕೆ ಬೆಲೆ ಕಟ್ಟಲಾಗುತ್ತದೆ. 1969ರಲ್ಲಿ ಮೈಸೂರು ರಾಜ್ಯದ ಒಬ್ಬ ಶಾಸಕರ ಮತದ ಮೌಲ್ಯ 109, ಒಬ್ಬ ಸಂಸದರದು 576. ಈಗ ಕರ್ನಾಟಕದ ಶಾಸಕರದು 131. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯನ್ನು ಒಳಗೊಂಡ ತೇರದಾಳ, ಈ ನಾಲ್ಕು ಕ್ಷೇತ್ರಗಳು ಕೂಡಿದರೆ 524. ದೇಶದ ಲಕ್ಷಗಟ್ಟಲೆ ಮೌಲ್ಯದಲ್ಲಿ ನಮ್ಮ ಹಿಡಿ ಧಾನ್ಯ ಇಷ್ಟು. ಮತದಾರನು ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ತನ್ನ ಪ್ರಾಶಸ್ತ್ಯದ ಅಂಕಿ ಬರೆಯುತ್ತಾನೆ. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಎಲ್ಲರಿಗಿಂತ ಕಡಿಮೆ ಪಡೆದವನನ್ನು ಕಣದಿಂದ ತೆಗೆದು, ಅವನ ಚೀಟಿಗಳನ್ನು ಅವುಗಳಲ್ಲಿ ಬರೆದ ಮುಂದಿನ ಹೆಸರಿಗೆ ವರ್ಗಾಯಿಸುತ್ತಾರೆ.

ನಿಜಲಿಂಗಪ್ಪನವರು ಹಿಡಿದದ್ದು ಈ ಎರಡನೆಯ ಅಂಕಿಯನ್ನು. ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ಮುಖಂಡರನ್ನು ಕಂಡು, ನಿಮ್ಮ ಮೊದಲ ಮತ ದೇಶಮುಖರಿಗೇ ಇರಲಿ, ಎರಡನೆಯದನ್ನು ರೆಡ್ಡಿಯವರಿಗೆ ಕೊಡಿರೆಂದು ಕೇಳಿದರು. ಅಂದರೆ, ನಾವು ನಿಮಗೆ ಬೇಡವಾದವರೇ ಸರಿ, ಆದರೆ ಆಚೆಯವರು ಇನ್ನೂ ಹೆಚ್ಚು ಬೇಡವಾದವರಲ್ಲವೇ, ಎಂದು ಕೇಳಿದಂತಾಯಿತು. ಇದನ್ನೇ ಹಿಡಿದುಕೊಂಡು ಪ್ರಧಾನಿಯವರ ಕಡೆಯವರು, ಪಕ್ಷದ ಅಧ್ಯಕ್ಷರು ಎದುರಾಳಿಗಳೊಡನೆ ಕೈಜೋಡಿಸಿದ್ದಾರೆಂದು ಕೂಗೆಬ್ಬಿಸಿದರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಗಾಂಧಿಯವರೇ ಕಡೆಗೆ ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ರೆಡ್ಡಿಯವರನ್ನು ನಿಂದಿಸುವ ಅನಾಮಧೇಯ ಕರಪತ್ರವೂ ಸಂಸದರ ಕೈಗೆ ಬಂದಿತ್ತು. ಮುಂದೆ ಅದೇ ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿ, ರಾಷ್ಟ್ರಪತಿಯಾಗಿದ್ದ ಗಿರಿಯವರೇ ಸಾಕ್ಷಿ ಹೇಳಬೇಕಾಯಿತು. 1970ರಲ್ಲಿ ಅರ್ಜಿ ವಜಾ ಆಯಿತು. ಆ ದಿನಗಳಲ್ಲಿ ಜಮಖಂಡಿಯ ಚಹಾದ ಹೋಟೆಲಿನಲ್ಲಿ ನಾನು ಕೇಳಿದ ವಾದಗಳಲ್ಲಿ "ಗಿರಿ ಯಾಕ ಬೇಕು" ಎಂದು ಯಾರೂ ಹೇಳಿದ್ದು ನೆನಪಿಲ್ಲ. ಸಿಂಡಿಕೇಟು ಬೇಡ, ಇಂದಿರಮ್ಮ ಬೇಡ, ಇಷ್ಟೇ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗುರಿ ಮುಟ್ಟಲಿಲ್ಲ. ಉಳಿದ ಹನ್ನೆರಡು ಜನರ ಜೊತೆಗೆ ದೇಶಮುಖರನ್ನೂ ಕಣದಿಂದ ತೆಗೆದು ಚೀಟಿಗಳನ್ನು ಹಂಚಿದಾಗ ರೆಡ್ಡಿಯವರಿಗೆ 91,879 ಕೂಡಿತು, ಗಿರಿಯವರಿಗೆ 18,562 ಮಾತ್ರ. ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲ, ಸಾಲದೇ ಹೋಯಿತು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗುರಿಗಿಂತ ಗಿರಿಯವರು ಹೆಚ್ಚು ಪಡೆದದ್ದು 1,908. ನಮ್ಮ ಮೈಸೂರಿನ 18 ಶಾಸಕರ ಮತಗಳಿಗಿಂತಲೂ ಕಡಿಮೆ. ಇಂದಿನವರೆಗೆ ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೆಯ ಅಂಕಿಯಿಂದ ತೀರ್ಮಾನವಾದದ್ದು ಅದೊಂದೇ ಸಲ. ನೆರೆಯ ಶ್ರೀಲಂಕಾದಲ್ಲಿ ಅಂಥ ಎಣಿಕೆ ಮೊದಲ ಬಾರಿಗೆ 2024ರಲ್ಲಿ ನಡೆಯಿತು.

ಆ ಲೆಕ್ಕದಲ್ಲಿ ನನ್ನನ್ನು ಇಂದಿಗೂ ಕಾಡುವವರು ದೇಶಮುಖರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್. ನೆಹರೂ ಸಂಪುಟದಲ್ಲಿ ಹಣಕಾಸು ಮಂತ್ರಿ. 1956ರಲ್ಲಿ ಮುಂಬಯಿ ನಗರದ ಪ್ರಶ್ನೆಗಾಗಿ ರಾಜೀನಾಮೆ ಕೊಟ್ಟವರು. ಅದೇ ರಾಜ್ಯ ಪುನರ್ವಿಂಗಡಣೆಯಲ್ಲಿಯೇ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಬಂತೆಂಬುದನ್ನು ಮರೆಯಬೇಡಿ. ಅವರನ್ನು ದ್ವೇಷಿಸುವವರು ಯಾರಿದ್ದರು? ಗಿರಿಯವರ ಕಡೆಯವರಿಗೆ ರೆಡ್ಡಿ ಬೇಡ, ರೆಡ್ಡಿಯವರ ಕಡೆಯವರಿಗೆ ಗಿರಿ ಬೇಡ; ಆದರೂ ಕಣದಿಂದ ಹೊರಬಿದ್ದವರು ದೇಶಮುಖರು. ಈ ಪದ್ಧತಿ ಒಂದನೆಯ ಅಂಕಿ ಕಡಿಮೆ ಇರುವವನನ್ನು ತೆಗೆಯುತ್ತದೆಯೇ ಹೊರತು ಹೆಚ್ಚು ಜನರಿಗೆ ಬೇಡವಾದವನನ್ನಲ್ಲ. ಕೊನೆಯ ಅಂಕಿಯನ್ನು ಯಾರೂ ಎಣಿಸುವುದೇ ಇಲ್ಲ.

ಇನ್ನು ಸೊನ್ನೆ ಪಡೆದವರ ಕಥೆಯಿದೆ. 1967ರಲ್ಲಿ ನಿಂತ 17 ಜನರಲ್ಲಿ 9 ಮಂದಿಗೆ, 1969ರ 15 ಜನರಲ್ಲಿ 5 ಮಂದಿಗೆ ಒಂದು ಮತವೂ ಬೀಳಲಿಲ್ಲ. ಚೌಧರಿ ಹರಿರಾಮ್ ಎಂಬವರು 1952ರಲ್ಲಿ 1,954, 1957ರಲ್ಲಿ 2,672, 1962ರಲ್ಲಿ 6,341 ಹೀಗೆ ಏರುತ್ತ ಹೋಗಿ 1969ರಲ್ಲಿ 125ಕ್ಕೆ ಇಳಿದರು. ಇಂಥವರನ್ನು ತಡೆಯಲೆಂದೇ 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಬೇಕೆಂದು ಕಾನೂನು ಮಾಡಿದರು.

1977ಕ್ಕೆ ಬರೋಣ. ಆ ವರ್ಷದ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಜಮಖಂಡಿಯ ವಕೀಲರಾಗಿದ್ದವರು, ಅಲ್ಲಿಯ ಪುರಸಭೆಯಿಂದ ಹೊರಟು 1958ರಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ 141ಕ್ಕೆ 521 ಮತಗಳಿಂದ ಉಪರಾಷ್ಟ್ರಪತಿಯಾದವರು. ಏಪ್ರಿಲಿನಲ್ಲಿ ಜನತಾ ಸರಕಾರ ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಲಹೆ ಮಾಡಿದಾಗ ಅವರು ಒಂದು ದಿನ ಸಹಿ ತಡೆದರು, 30ರಂದು ಹಾಕಿದರು. ಹೊಸ ರಾಷ್ಟ್ರಪತಿಗೆ ಮತ ಹಾಕುವವರೂ ಆ ಸಭೆಗಳ ಶಾಸಕರೇ ಆದ್ದರಿಂದ ಆ ಒಂದು ದಿನ ದಿಲ್ಲಿಯಲ್ಲಿ ಬಹಳ ದೊಡ್ಡದಾಯಿತು. ನಮ್ಮ ಸೋದರಮಾವ ಅಂದು ಕಟ್ಟೆಯ ಮೇಲೆ ಕುಳಿತು, "ತಮ್ಮಾ, ಒಂದು ಸಹಿಗೆ ನಮ್ಮ ಜತ್ತಿಯವರು ಯಾರಿಗೂ ಬ್ಯಾಡಾದ್ರು ನೋಡು" ಎಂದಿದ್ದರು. ಸಹಿ ತಡೆಯದೆ ಹಾಕಿದ್ದರೂ ಅವರನ್ನು ಯಾರೂ ಆರಿಸುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಮಾವನವರ ಮುಂದೆ ಹೇಳಲಿಲ್ಲ. ಎಂಟು ವರ್ಷಗಳ ಹಿಂದೆ ಬೇಡವಾಗಿದ್ದ ಸಂಜೀವ ರೆಡ್ಡಿಯವರೇ ಈಗ ಎಲ್ಲರಿಗೂ ಬೇಕಾದರು. 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಜುಲೈ 21ರಂದು ಅವಿರೋಧವಾಗಿ ಆರಿಸಿ ಬಂದರು.

ಆಗ ನಾನು ಬನಹಟ್ಟಿಯ ಶಾಲೆಯೊಂದರಲ್ಲಿ ಹೊಸ ಮಾಸ್ತರ. ಚುನಾವಣೆಯಾಗುತ್ತದೆಂದು ಪಾಠ ಸಿದ್ಧಮಾಡಿಕೊಂಡಿದ್ದೆ, ಚುನಾವಣೆಯೇ ಇಲ್ಲ! ಹೀಗಾಗಿ ಒಂಬತ್ತನೆಯ ತರಗತಿಯಲ್ಲಿ ನಾನೇ ಒಂದನ್ನು ಮಾಡಿಸಿದೆ. ಐವರು ಅಭ್ಯರ್ಥಿಗಳು, 42 ಚೀಟಿಗಳು, ಒಂದರಿಂದ ಐದರವರೆಗೆ ಅಂಕಿ. ಒಬ್ಬ ಮಗ್ಗಗಳ ಮಾಲೀಕರ ಮಗ, ತರಗತಿಯ ಮುಂದಾಳು. ಇನ್ನೊಬ್ಬ ನಸುಕಿನಲ್ಲಿ ಕಂಡಿಕೆ ಸುತ್ತಿ ದಿನಾಲೂ ತಡವಾಗಿ ಬರುತ್ತಿದ್ದ ನೇಕಾರರ ಹುಡುಗ. ಅವನ ತಂದೆ ನೇಯುತ್ತಿದ್ದದ್ದು ಆ ಮಾಲೀಕರ ಮಗ್ಗದ ಮೇಲೆಯೇ. ಮುಂದಾಳಿಗೆ 17 ಒಂದನೆಯ ಮತಗಳು. ಈ ಹುಡುಗನಿಗೆ ಒಂದೂ ಇಲ್ಲ. ನಾನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಸೊನ್ನೆ ಬರೆದು, "ಇವನು ಮೊದಲು ಹೊರಗೆ" ಎಂದು ಅವನ ಹೆಸರನ್ನು ಹೊಡೆದು ಹಾಕಿದೆ. ತರಗತಿ ನಕ್ಕಿತು. ನಾನೂ ನಕ್ಕೆ.

ರಾತ್ರಿ ಖೋಲಿಯಲ್ಲಿ ಚೀಟಿಗಳನ್ನು ಮತ್ತೆ ಹರವಿ ಕುಳಿತೆ. ಮುಂದಾಳಿಗೆ 19 ಮಂದಿ ಐದನೆಯ ಅಂಕಿ ಕೊಟ್ಟಿದ್ದರು. ಆ ಹುಡುಗನಿಗೆ ಐದು ಎಂದು ಬರೆದವರು ಒಬ್ಬರೂ ಇಲ್ಲ. ಎರಡು ಎಂದು ಬರೆದವರು 26 ಮಂದಿ. ಮರುದಿನ ಅದನ್ನು ತರಗತಿಯಲ್ಲಿ ಹೇಳಬೇಕಾಗಿತ್ತು. ಒಂದು ಅಂಕಿಯನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ, ಮಾಲೀಕರ ಕಿವಿಗೆ ಬೀಳುತ್ತದೆ, ನಾನಿನ್ನೂ ಖಾಯಂ ಆಗಿರಲಿಲ್ಲ. ಹೇಳಲಿಲ್ಲ. ದೀಪಾವಳಿ ರಜೆಯ ನಂತರ ಆ ಹುಡುಗ ಶಾಲೆಗೆ ಬರಲಿಲ್ಲ. ಮಗ್ಗಕ್ಕೆ ಕುಳಿತನೆಂದು ತಿಳಿಯಿತು. ಬನಹಟ್ಟಿಯಲ್ಲಿ ಆ ವಯಸ್ಸಿಗೆ ಮಗ್ಗಕ್ಕೆ ಕೂಡುವ ಹುಡುಗರು ಎಷ್ಟೋ ಜನ ಇದ್ದರು, ಅದಕ್ಕೆ ನನ್ನ ಸೊನ್ನೆಯೇ ಕಾರಣವಾಗಿರಲಿಕ್ಕಿಲ್ಲ ಎಂದು ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

2022ರ ಜುಲೈಯಲ್ಲಿ, ದ್ರೌಪದಿ ಮುರ್ಮು ಅವರು ಆರಿಸಿ ಬಂದ ವಾರ, ಮದುವೆಯ ಜವಳಿಗೆಂದು ಬನಹಟ್ಟಿಗೆ ಹೋದಾಗ ಅವನು ಸಿಕ್ಕ. ಅರವತ್ತರ ಹತ್ತಿರದ ಮನುಷ್ಯ, ಕಣ್ಣಿಗೆ ದಪ್ಪ ಕನ್ನಡಕ. ಕಾಲು ಮುಟ್ಟಿ ನಮಸ್ಕರಿಸಿ ಚಹಾ ಕುಡಿಸಿದ. ಅಂದಿನ ಚೀಟಿಗಳ ಲೆಕ್ಕವನ್ನು ನಾನು ಅವನ ಮುಂದೆ ಪೂರ್ತಿ ಹೇಳಿದೆ.

ಅವನು ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸುತ್ತ ಕುಳಿತು, "ಇಪ್ಪತ್ತಾರು ಮಂದಿ ಏನ್ರಿ, ಸರ್ರ?" ಎಂದ.

"ಹೌದಪ್ಪ."

"ಆವತ್ತ ಹೇಳಿದ್ರ ಚಲೋ ಇತ್ತರಿ," ಎಂದು ಹೇಳಿ, ಒಳಗಿನಿಂದ ಸೀರೆಗಳನ್ನು ತರಿಸಿದ.