ಮೈಗೆ ಹತ್ತಿದ ಮೇವು, ಗಾಳಿಗೆ ಹೋದ ಮೇವು

ಎಮ್ಮಿ ಎಷ್ಟು ತಿಂತು ಅನ್ನೂದು ಗ್ವಾದಲಿ ನೋಡಿದ್ರ ಗೊತ್ತಾಗತದ. ತಿಂದಿದ್ರಾಗ ಎಷ್ಟು ಮೈಗೆ ಹತ್ತಿತು ಅನ್ನೂದನ್ನ ಸಲೀಸಾಗಿ ಅಳಿಯೂದು ಕಲೀಲಿಕ್ಕೆ ಮಾತ್ರ ವಿಜ್ಞಾನಿಗಳಿಗೆ ಸುಮಾರು ನೂರೈವತ್ತು ವರ್ಷ ಹಿಡೀತು.

1810ರ ಸುಮಾರಿಗೆ ಜರ್ಮನಿಯ ಆಲ್ಬ್ರೆಕ್ಟ್ ಥೇರ್ ಒಣಹುಲ್ಲನ್ನೇ ಅಳತಿ ಮಾಡಿಕೊಂಡ. ನೂರು ಪೌಂಡ್ ಒಣಹುಲ್ಲಿಗೆ ಎಷ್ಟು ಬಟಾಟಿ ಸಮ, ಹಿಂಗ ಅವನ ಲೆಕ್ಕ. 1860ರ ದಶಕದಾಗ ಗೋಟಿಂಗೆನ್ ಹತ್ರದ ವೇಂಡೆಯೊಳಗ ಹೆನ್ನೆಬೆರ್ಗ್ ಮತ್ತು ಸ್ಟೋಮನ್ ಇನ್ನೊಂದು ದಾರಿ ಹಿಡದ್ರು. ಮೇವನ್ನ ಮೊದಲ ತಿಳಿ ಆಸಿಡ್ಡಿನ್ಯಾಗ, ಆಮ್ಯಾಲ ತಿಳಿ ಕ್ಷಾರದಾಗ ಕುದಿಸಿ, ಕರಗದ ಉಳದದ್ದಕ್ಕ ‘ಕಚ್ಚಾ ನಾರು’ ಅಂದ್ರು. ಇವತ್ತಿಗೂ ಪಶು ಆಹಾರದ ಚೀಲದ ಮ್ಯಾಲ ಆ ಲೆಕ್ಕ ಇರತದ, ಬೇಕಾದ್ರ ತಿರುವಿ ನೋಡ್ರಿ. ಆಸಿಡ್ಡಿಗೇ ಕರಗದ್ದು ದನದ ಹೊಟ್ಟ್ಯಾಗ ಹೆಂಗ ಕರಗೀತು? ಆದ್ರ ಎತ್ತಿಗೆ ಮೇವು ತೂಗಿ ಹಾಕಿ, ಸಗಣಿನೂ ತೂಗಿ ನೋಡಿದ್ರ, ಆ ನಾರಿನ ದೊಡ್ಡ ಪಾಲು ಸಗಣ್ಯಾಗ ಇರಲೇ ಇಲ್ಲ.

ಹೋತೆಲ್ಲಿ ಅದು? 1880ರ ದಶಕದಾಗ ಹೆರ್ಮನ್ ಟಾಪೈನರ್ ತೋರಿಸಿಕೊಟ್ಟ: ದನದ ಮೊದಲ ಹೊಟ್ಟ್ಯಾಗ ನಾರು ಹುದುಗು ಬರತದ. ದ್ವಾಸಿ ಹಿಟ್ಟು ರಾತ್ರಿ ಉಬ್ಬಿ ಹುಳಿ ಆಗತದಲ್ಲ, ಹಂಗ ಅನ್ರಿ. ಹುಳಿ ರಕ್ತಕ್ಕ ಸೇರಿ ದನಕ್ಕ ಶಕ್ತಿ ಆಗತದ. ಗ್ಯಾಸಿನ್ಯಾಗ ಒಂದು ಪಾಲು ಮೀಥೇನ್, 1776ರಾಗ ಇಟಲಿಯ ಮಾಜ್ಜೋರೆ ಸರೋವರದ ಕೆಸರಿನ್ಯಾಗ ವೋಲ್ಟಾಗ ಸಿಕ್ಕಿತ್ತಲ್ಲ, ಅದೇ. ಹೂಸು ಅಂತ ನಗಬ್ಯಾಡ್ರಿ, ಬಹಳಷ್ಟು ಬಾಯಿಂದನೇ, ತೇಗಿನ್ಯಾಗ ಹೋಗತದ.

ನಾರು ಹುದುಗು ಬರುವಾಗ ಹೈಡ್ರೋಜನ್ ಹೆಚ್ಚಿಗಿ ಉಳೀತದ, ಕೆಲವು ಸೂಕ್ಷ್ಮಜೀವಿಗಳು ಅದನ್ನ ಮೀಥೇನ್ ಮಾಡತಾವ. ಕಾಳಿನ ಪಿಷ್ಟದಾಗ ಹೈಡ್ರೋಜನ್ ಅಷ್ಟು ಉಳಿಯೂದಿಲ್ಲ. ತಿಂದ ಮೇವಿನ ಶಕ್ತಿಯೊಳಗ ನೂರಕ್ಕ ಸುಮಾರು ಆರು ಪಾಲು ಹಿಂಗ ಗಾಳಿಗೆ ಹೋಗತದ. ಬರೇ ಒರಟು ಕಣಕಿ ತಿನ್ನೋ ಎಮ್ಮಿ ಹಾಲು ಕಡಿಮಿ ಕೊಡತದ, ಅಂದಮ್ಯಾಲ ಒಂದೊಂದು ಲೀಟರಿನ ಹಿಂದ ಗ್ಯಾಸ್ ಜಾಸ್ತಿ. ಆ ಎಮ್ಮಿ ಇರೂದು ಬಡವರ ಮನ್ಯಾಗ.

1963ರಾಗ ಇಂಗ್ಲೆಂಡಿನ ಟಿಲ್ಲಿ, ಟೆರ್ರಿ ದನದ ಹೊಟ್ಟಿಯ ರಸನ್ನೇ ಗಾಜಿನ ನಳಿಕ್ಯಾಗ ಹಾಕಿದ್ರು. ಎರಡು ದಿನ ಆ ರಸದಾಗ, ಎರಡು ದಿನ ಪೆಪ್ಸಿನ್‌ದಾಗ ಮೇವು ನೆನೀತು. ಚಿಟಿಕಿ ಮೇವು ಸಾಕಾತು, ಎತ್ತು ಕಟ್ಟಿ ಸಗಣಿ ತೂಗೂದು ತಪ್ಪಿತು. 1979ರಾಗ ಜರ್ಮನಿಯ ಹೋಹೆನ್‌ಹೈಮ್‌ದಾಗ ಮೆಂಕೆ ಮತ್ತು ಜೊತಿಗಾರರು ಅದೇ ರಸನ್ನ ಗಾಜಿನ ಸಿರಿಂಜಿನ್ಯಾಗ ಹಾಕಿ, ಒಂದು ದಿನದಾಗ ಗ್ಯಾಸ್ ಎಷ್ಟು ಮ್ಯಾಲ ತಳ್ಳತದ ನೋಡಿ ಪಚನ ಲೆಕ್ಕ ಹಾಕಿದ್ರು. ನನಗ ಎಲ್ಲಕ್ಕಿಂತ ಸೇರಿದ್ದು ಇದು.

1995ರಾಗ ಬೆಂಗಳೂರಿನ ಆಡುಗೋಡಿಯೊಳಗ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಶುರುವಾತು. ಮೀಥೇನ್ ತಗ್ಗಸಲಿಕ್ಕೆ ಟ್ಯಾನಿನ್ ಇರೋ ಗಿಡಗಳಿಂದ ಅವರು ‘ಹರಿತ್ ಧಾರಾ’ ಅಂತ ಒಂದು ಪುಡಿನೂ ಮಾಡ್ಯಾರ. ಒಳ್ಳೇದು, ಆದ್ರ ಮೊದಲ ಕಣಕಿ ಜೋಡಿ ಒಂದಿಷ್ಟು ಹಸಿ ಮೇವು ಬೀಳಬೇಕು.

ಇನ್ನ 2000ದ ದಶಕದಾಗ ಹೈದರಾಬಾದಿನ ಮೇವಿನ ಸಂತ್ಯಾಗ ಜೋಳದ ಕಣಕಿ ತಂದು ಪ್ರಯೋಗಾಲಯದಾಗ ಅಳದ್ರು. ಪಚನ ಆಗೂದು ಒಂದರಾಗ ನೂರಕ್ಕ ಸುಮಾರು 47, ಇನ್ನೊಂದರಾಗ 52. ಬರೇ ಐದರ ಫರಕು. ಸಂತ್ಯಾಗ ಮಾತ್ರ ಎರಡನೇದಕ್ಕ ಕಾಲು ಪಾಲು ಹೆಚ್ಚಿಗಿ ರೊಕ್ಕ. ಕೊಳ್ಳವರ ಕೈಯಾಗ ಸಿರಿಂಜೂ ಇರಲಿಲ್ಲ, ನಳಿಕಿನೂ ಇರಲಿಲ್ಲ.