ಹಳೇ ಕಛೇರಿಗೆ ಎಂತಾ ಸ್ಪೀಕರ್?

ಮೈಕಿಲ್ಲದ ಕಾಲ್ದಲ್ಲಿ ಹಿಂದೆ ಕೂತೋರಿಗೆ ಪಿಟೀಲು ಸರಿಯಾಗಿ ಕೇಳ್ತಿರ್ಲಿಲ್ಲ. ಅದಕ್ಕೇ ಮೈಸೂರಿನ ಟಿ. ಚೌಡಯ್ಯನೋರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಪಿಟೀಲು ಮಾಡ್ಕೊಂಡ್ರು. 1967ರಲ್ಲಿ ತೀರಿಕೊಂಡ ಅವರನ್ನ ನಾವೀಗ ಕೇಳೋದು ರೆಕಾರ್ಡಿಂಗಲ್ಲೇ.

ನಮ್ಮ ಎನ್.ಆರ್.ಪುರದ ಮನೆಗಳಿಗೆ ಕಛೇರಿ ಬಂದಿದ್ದು ರೇಡಿಯೋದಲ್ಲಿ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ್ಮೇಲೆ ಅದೇ ಹತ್ರದ ಸ್ಟೇಷನ್ನು. ಆಗ ರೇಡಿಯೋ ಇಟ್ಕೊಳ್ಳಕ್ಕೂ ಪೋಸ್ಟಾಫೀಸಲ್ಲಿ ಲೈಸೆನ್ಸ್ ದುಡ್ಡು ಕಟ್ಬೇಕಿತ್ತು ಮಾರಾಯ್ತಿ! ವಾಲ್ವ್ ರೇಡಿಯೋ ಅಂದ್ರೆ ಮರದ ಪೆಟ್ಟಿಗೆ, ಒಳಗೆ ಅಗಲದ ಒಂದೇ ಸ್ಪೀಕರ್ರು. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ತಾರಲ್ಲ, ಆ ತೊಪ್ಪಿ ನಾದ ನಡುಮನೆಯಿಂದ ಅಡುಗೆಮನೆಗೂ ಗುಂ ಅಂತ ಬರೋದು. ಟ್ರಾನ್ಸಿಸ್ಟರನ್ನ ತೋಟಕ್ಕೂ ಹೊತ್ಕೊಂಡು ಹೋಗ್ಬಹುದಿತ್ತು, ಆದ್ರೆ ಅಂಗೈಯಗಲದ ಸ್ಪೀಕರಲ್ಲಿ ತೊಪ್ಪಿಯೇ ಮಾಯ.

ಈಗ ಮಕ್ಕಳು ಅವೇ ಕಛೇರಿನ ಫೋನಲ್ಲಿ ಹಾಕ್ಕೊಡ್ತಾರೆ. ನಮ್ಮತ್ತೆಗೆ ಕಿವಿ ಮಂದ, ಫೋನಿನ ಸದ್ದು ಸಾಲದು. ಅಂಗಡಿಯೋರು ಎರಡು ಪೆಟ್ಟಿಗೆ ತಗಳ್ಳಿ, ಬೇಸ್ ಜಾಸ್ತಿ ಇದೆ ಅಂದ್ರು. ಎಂತಕ್ಕೆ? ಆ ಕಾಲದ ರೇಡಿಯೋ ಕಛೇರಿ ಎಲ್ಲಾ ಮೋನೋ. ಎರಡು ಪೆಟ್ಟಿಗೆ ಇಟ್ರೂ ಎರಡ್ರಲ್ಲೂ ಅದೇ ಬರೋದು. ಅಷ್ಟೇ ದುಡ್ಡಿಗೆ ಒಂದೇ ಒಳ್ಳೇದು ತಗಳ್ಳೋದು ವಾಸಿ.

ಅಂಗಡೀಲಿ ಅವರು ಹಾಕೋ ಸಿನಿಮಾ ಹಾಡು ಕೇಳಿ ಒಪ್ಕೋಬೇಡಿ, ಕಛೇರಿನೇ ಹಾಕ್ಸಿ. ಹಾಡೋರ ಹಿಂದೆ ತಂಬೂರಿ ಎಳೆ ಕೇಳ್ಬೇಕು. ತೊಪ್ಪಿ ಗುಂ ಅನ್ಬೇಕು, ಸಾಹಿತ್ಯ ನುಂಗಬಾರ್ದು. ನಾವು ಅತ್ತೆನೇ ಕರ್ಕೊಂಡು ಹೋಗಿದ್ವಿ. ಮೂರನೇದು ಹಾಕ್ದಾಗ ಅವರೇ ತಾಳ ಹಾಕಕ್ಕೆ ಶುರು ಮಾಡಿದ್ರು. ಅದನ್ನೇ ತಂದ್ವಿ.